ಪೆಟ್ಟಿಗೆಯೊಳಗಿನ ಗುಡುಗು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಕಲಬುರಗಿ ಜಿಲ್ಲೆಯ ಈ ಸೀಮೆಯಲ್ಲಿ ಗಣೇಶನನ್ನು ಕಳಿಸುವ ರಾತ್ರಿ ಮೊದಲು ಬರುವುದು ಸದ್ದು, ಆಮೇಲೆ ವಾಹನ. ತೊಗರಿ ಸುಗ್ಗಿಯಲ್ಲಿ ಚೀಲ ಹೊತ್ತ ಟ್ರ್ಯಾಕ್ಟರಿನ ಟ್ರಾಲಿಯ ಮೇಲೆಯೇ ಅಂದು ಕಪ್ಪು ಪೆಟ್ಟಿಗೆಗಳ ಗೋಡೆ ಎದ್ದಿರುತ್ತದೆ. ಹಾಡಿನ ಮಾತು ಕಿವಿಗೆ ಬೀಳುವ ಮೊದಲೇ ಎದೆಗೂಡು ಅದುರುತ್ತದೆ, ಕಿಟಕಿಯ ಗಾಜು ನಡುಗುತ್ತದೆ.

ಇದು ಹಬ್ಬದ ದೊಡ್ಡ ರೂಪ. ಇದರ ಚಿಕ್ಕ ರೂಪ ವರ್ಷವಿಡೀ ರಸ್ತೆಯಲ್ಲಿರುತ್ತದೆ. ಜೀಪು, ಕ್ರೂಸರ್, ಟಂಟಂ, ಹಳೆಯ ಕಾರು, ಯಾವುದರಲ್ಲಾದರೂ ಹಿಂದಿನ ಸೀಟಿನ ಕೆಳಗೆ ಇಣುಕಿದರೆ ಒಂದು ಮರದ ಪೆಟ್ಟಿಗೆ, ಅದರಲ್ಲೊಂದು ಅಗಲ ಬಾಯಿಯ ಸ್ಪೀಕರ್ ಕಾಣಸಿಗಬಹುದು. ಇದನ್ನೇ ಸಬ್‌ವೂಫರ್ ಎನ್ನುವುದು. ಹಾಡಿನಲ್ಲಿನ ತೀರ ತಗ್ಗು ಸ್ವರಗಳನ್ನು, ಹುಡುಗರ ಮಾತಿನಲ್ಲಿ ‘ಬೇಸ್’ ಅನ್ನು, ನುಡಿಸುವುದಷ್ಟೇ ಅದರ ಕೆಲಸ. ಸಿದ್ಧ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತದೆ. ಆದರೆ ದುಡ್ಡು ಉಳಿಸಲು, ಅದಕ್ಕಿಂತ ಹೆಚ್ಚಾಗಿ ‘ನಾನೇ ಮಾಡಿದ್ದು’ ಎನ್ನುವ ಹೆಮ್ಮೆಗೆ, ಅದನ್ನು ಸ್ವಂತ ಮಾಡಿಸುವ ಹುಡುಗರು ಬಹಳ.

ಬಡಗಿಯ ಅಂಗಡಿಯ ಮುಂದೆ ಆಗ ನಡೆಯುವ ಮಾತು ಸಾಮಾನ್ಯವಾಗಿ ಇಷ್ಟೇ:

‘ಎಷ್ಟು ದೊಡ್ಡದು ಮಾಡ್ಲೋ ತಮ್ಮಾ?’

‘ಸೀಟಿನ ತೆಳಗ ಕೂಡಂಗ ಮಾಡ್ರಿ ಮಿಸ್ತ್ರಿ. ಬೇಸ್ ಮಾತ್ರ ಜೋರ್ ಬರಬೇಕ್ರಿ.’

ಇಡೀ ತೊಂದರೆ ಈ ಎರಡು ಮಾತಿನಲ್ಲಿ ಅಡಗಿದೆ. ಪೆಟ್ಟಿಗೆಯ ಅಳತೆಯನ್ನು ಸೀಟು ಗೊತ್ತುಮಾಡಿತು. ಸ್ಪೀಕರಿಗೆ ಎಷ್ಟು ಜಾಗ ಬೇಕು ಎಂದು ಯಾರೂ ಕೇಳಲಿಲ್ಲ. ಪೆಟ್ಟಿಗೆ ಸಿದ್ಧವಾದ ಮೇಲೆ ಬೇಸ್ ಬರಲಿಲ್ಲ ಎಂದು ದೊಡ್ಡ ಆಂಪ್ಲಿಫೈಯರ್ ತರುತ್ತಾರೆ. ಅದೂ ಸಾಲದೆಂದು ಇನ್ನೊಂದು. ಅಳತೆಯ ಕೊರತೆಯನ್ನು ಅಬ್ಬರದಿಂದ ತುಂಬುವ ಈ ದಾರಿಯಲ್ಲಿ ಮೊದಲು ಹೋಗುವುದು ಹಣ, ಆಮೇಲೆ ಬ್ಯಾಟರಿ, ಕೊನೆಗೆ ಕಿವಿ.

ಮಗ ಪುಸ್ತಕ ಬಿಟ್ಟು ಡಬ್ಬಿ ಬಡಿಯುತ್ತ ಕುಳಿತಿದ್ದಾನೆ ಎಂದು ಕೊರಗುವ ತಂದೆತಾಯಿಯರಿಗೆ ಒಂದು ಸಮಾಧಾನದ ಮಾತು ಉಂಟು. ಆ ಪೆಟ್ಟಿಗೆ ಒಂಬತ್ತನೆಯ ತರಗತಿಯ ಶಬ್ದದ ಪಾಠವೇ. ಸದ್ದಿನ ವಸ್ತುಗಳನ್ನು ಕೆದಕುವುದು ಸಣ್ಣ ಕೆಲಸವೂ ಅಲ್ಲ. ನಮ್ಮ ಮೃದಂಗ, ತಬಲಗಳ ನಾದ ಅಷ್ಟೊಂದು ಇಂಪಾಗಿರುವುದೇಕೆ ಎಂದು ಸರ್ ಸಿ.ವಿ. ರಾಮನ್ 1920ರಲ್ಲಿಯೇ ಬರೆದಿದ್ದರು. ನೊಬೆಲ್ ಪ್ರಶಸ್ತಿ ಬಂದ ನಂತರ, 1934ರಲ್ಲಿ ಬೆಂಗಳೂರಿನಲ್ಲಿದ್ದಾಗ, ಅದೇ ವಿಷಯದ ಮೇಲೆ ಮತ್ತೊಂದು ಪ್ರಬಂಧ ಪ್ರಕಟಿಸಿದರು.

ಹಲಿಗೆಯೂ ಡೊಳ್ಳೂ

ಸ್ಪೀಕರಿಗೆ ಪೆಟ್ಟಿಗೆ ಏಕೆ ಬೇಕು? ಉತ್ತರ ನಮ್ಮ ವಾದ್ಯಗಳಲ್ಲೇ ಇದೆ. ಹಲಿಗೆಗೆ ಚರ್ಮ ಒಂದೇ ಕಡೆ, ಹಿಂಬದಿ ತೆರೆದಿದೆ. ಅದರ ಸದ್ದು ಚುರುಕು, ಕಿವಿಗೆ ಚುಚ್ಚುವಂಥದು. ಡೊಳ್ಳಿಗೆ ಎರಡು ಕಡೆಯೂ ಚರ್ಮ, ನಡುವೆ ಸೆರೆಸಿಕ್ಕ ಗಾಳಿ. ಅದರ ಸದ್ದು ಗಂಭೀರ. ಚರ್ಮದ ಬಿಗಿ, ಅಗಲಗಳ ಪಾತ್ರ ಇದ್ದರೂ ಹಿಂಬದಿ ತೆರೆದಿದೆಯೋ ಮುಚ್ಚಿದೆಯೋ ಎಂಬುದು ಇಲ್ಲಿ ಮುಖ್ಯ.

ಸ್ಪೀಕರಿನ ಕೋನ್ ಮುಂದಕ್ಕೆ ಬಂದಾಗ ಎದುರಿನ ಗಾಳಿಯನ್ನು ಒತ್ತುತ್ತದೆ. ಅದೇ ಗಳಿಗೆಯಲ್ಲಿ ಅದರ ಬೆನ್ನ ಹಿಂದಿನ ಗಾಳಿ ವಿರಳವಾಗುತ್ತದೆ. ಮುಂದೆ ಒತ್ತಡ, ಹಿಂದೆ ಕೊರತೆ. ಪೆಟ್ಟಿಗೆ ಇಲ್ಲದಿದ್ದರೆ ಮುಂದಿನ ಗಾಳಿ ಅಂಚನ್ನು ಬಳಸಿ ಹಿಂದಕ್ಕೆ ಹರಿದು ಆ ಕೊರತೆಯನ್ನು ತುಂಬಿಬಿಡುತ್ತದೆ. ಕೂಡಿಸಿದ್ದನ್ನು ಕಳೆದಂತಾಗಿ ಉಳಿಯುವುದು ಸೊನ್ನೆ. ಏರು ಸ್ವರಗಳಲ್ಲಿ ಕಂಪನ ಎಷ್ಟು ಬೇಗ ನಡೆಯುತ್ತದೆಂದರೆ ಗಾಳಿಗೆ ಹೀಗೆ ಸುತ್ತಿ ಬರಲು ಪುರಸೊತ್ತು ಸಿಗುವುದಿಲ್ಲ. ತಗ್ಗು ಸ್ವರಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಆದ್ದರಿಂದ ಬತ್ತಲೆ ಸ್ಪೀಕರಿನಲ್ಲಿ ಮೊದಲು ಸಾಯುವುದು ಬೇಸ್.

ಇದನ್ನು ಮನೆಯಲ್ಲೇ ನೋಡಬಹುದು. ಹಾಳಾದ ರೇಡಿಯೊದಿಂದ ತೆಗೆದ ಒಂದು ಸ್ಪೀಕರಿಗೆ ಹಾಡು ಕೊಡಿ. ಬರಿಗೈಯಲ್ಲಿ ಹಿಡಿದಾಗ ಧ್ವನಿ ಕೀರಲಾಗಿರುತ್ತದೆ. ದೊಡ್ಡ ರಟ್ಟಿನ ನಡುವೆ ಸ್ಪೀಕರಿನ ಬಾಯಿಯಷ್ಟೇ ದುಂಡಗೆ ಕತ್ತರಿಸಿ, ಹಿಂದಿನಿಂದ ಒತ್ತಿ ಹಿಡಿಯಿರಿ. ಹಾಡಿಗೆ ಒಮ್ಮೆಲೇ ಮೈ ಬರುತ್ತದೆ. ರಟ್ಟು ಏನನ್ನೂ ಸೇರಿಸಲಿಲ್ಲ, ಮುಂದಿನ ಗಾಳಿ ಹಿಂದಕ್ಕೆ ಹರಿಯುವುದನ್ನು ತಡೆಯಿತು ಅಷ್ಟೆ.

ಇಂದಿನ ಬಗೆಯ ಸ್ಪೀಕರನ್ನು 1925ರಲ್ಲಿ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ರೂಪಿಸಿದರು. ಹಿಂದುಮುಂದಿನ ಗಾಳಿಯನ್ನು ಬೇರ್ಪಡಿಸುವ ಅಡ್ಡಹಲಗೆ ಬೇಕೆಂಬುದು ಅವರಿಗೂ ಗೊತ್ತಿತ್ತು. ತೊಡಕು ಇದ್ದುದು ಅದರ ಗಾತ್ರದಲ್ಲಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಸೆಕೆಂಡಿಗೆ 40 ಸಲ ಕಂಪಿಸುವ, ಅಂದರೆ 40 ಹರ್ಟ್ಸ್ ಆವೃತ್ತಿಯ ಸ್ವರದ ಒಂದು ಅಲೆಯ ಉದ್ದ ಎಷ್ಟು? 340ನ್ನು 40ರಿಂದ ಭಾಗಿಸಿದರೆ 8.5 ಮೀಟರ್. ಇಷ್ಟು ದೊಡ್ಡ ಅಲೆಗೆ ಅಡ್ಡ ನಿಲ್ಲುವ ಹಲಗೆಯನ್ನು ಯಾವ ಜೀಪು ಹೊತ್ತೀತು? ಹಲಗೆಯನ್ನು ಮಡಚಿ ಹಿಂಬದಿಯನ್ನು ಪೂರ್ತಿ ಮುಚ್ಚಿದರೆ ಅದೇ ಪೆಟ್ಟಿಗೆ.

ಗಾಳಿಯೇ ಸ್ಪ್ರಿಂಗ್

ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಸುಮ್ಮನಿರುವುದಿಲ್ಲ. ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿಕೆ ಒತ್ತಿದರೆ ಅದು ಹಿಂದಕ್ಕೆ ಚಿಮ್ಮುವಂತೆ ಈ ಗಾಳಿಯೂ ಕೋನನ್ನು ತಳ್ಳುತ್ತದೆ, ಎಳೆಯುತ್ತದೆ. ಅಮೆರಿಕದ ಎಡ್ಗರ್ ವಿಲ್ಚುರ್ 1954ರಲ್ಲಿ ಈ ಗುಣವನ್ನೇ ಬಂಡವಾಳ ಮಾಡಿಕೊಂಡರು. ಸ್ಪೀಕರಿನ ಅಂಚನ್ನು ಸಡಿಲವಾಗಿಟ್ಟು, ಅದನ್ನು ಹದದಲ್ಲಿಡುವ ಕೆಲಸವನ್ನು ಪೆಟ್ಟಿಗೆಯ ಗಾಳಿಗೇ ಬಿಟ್ಟುಕೊಟ್ಟರು. ಬೀರುವಿನಷ್ಟು ದೊಡ್ಡ ಪೆಟ್ಟಿಗೆಯಿಂದ ಬರುತ್ತಿದ್ದ ಬೇಸ್ ಕಪಾಟಿನಲ್ಲಿಡುವಷ್ಟು ಚಿಕ್ಕ ಪೆಟ್ಟಿಗೆಯಿಂದ ಬಂತು. ಇಂದು ಸೀಟಿನ ಕೆಳಗೆ ಕೂರುವ ಮುಚ್ಚಿದ ಪೆಟ್ಟಿಗೆಗಳೆಲ್ಲ ಅದರ ಮರಿಮಕ್ಕಳು.

ಆದರೆ ಚಿಕ್ಕದು ಎಂಬುದಕ್ಕೂ ಮಿತಿ ಉಂಟು. ಪೆಟ್ಟಿಗೆ ಕಿರಿದಾದಷ್ಟೂ ಗಾಳಿಯ ಸ್ಪ್ರಿಂಗ್ ಬಿಗಿಯಾಗುತ್ತದೆ. ಸ್ಪ್ರಿಂಗ್ ಬಿಗಿಯಾದಷ್ಟೂ ಕೋನಿನ ಸಹಜ ಆವೃತ್ತಿ ಮೇಲೇರುತ್ತದೆ. ಎಷ್ಟು ಏರುತ್ತದೆ ಎಂಬುದಕ್ಕೆ ಲೆಕ್ಕವಿದೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಸ್ಪೀಕರಿನ ಗುಣಗಳನ್ನು ಕೆಲವೇ ಅಂಕಿಗಳಿಗೆ ಇಳಿಸಿದರು. ಒಳ್ಳೆಯ ಸಬ್‌ವೂಫರಿನ ಜೊತೆ ಬರುವ ಕಾಗದದಲ್ಲಿ ಇವು ಅಚ್ಚಾಗಿರುತ್ತವೆ. ಪೆಟ್ಟಿಗೆ ಕಟ್ಟುವವನು ಆ ಕಾಗದವನ್ನು ಎಸೆಯಬಾರದು.

ಅದರಲ್ಲಿ ಎರಡು ಅಂಕಿಗಳನ್ನು ತೆಗೆದುಕೊಳ್ಳೋಣ. ಒಂದು, ಸ್ಪೀಕರಿನ ಸಹಜ ಆವೃತ್ತಿ. ಅದು 30 ಹರ್ಟ್ಸ್ ಇರಲಿ. ಇನ್ನೊಂದು, ಸ್ಪೀಕರಿನ ಅಂಚಿನಷ್ಟೇ ಬಿಗಿಯಾದ ಸ್ಪ್ರಿಂಗ್ ಆಗಬಲ್ಲ ಗಾಳಿಯ ಗಾತ್ರ. ಅದು 60 ಲೀಟರ್ ಇರಲಿ. ಈ 60ನ್ನು ಪೆಟ್ಟಿಗೆಯ ಗಾತ್ರದಿಂದ ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆದು 30ರಿಂದ ಗುಣಿಸಿದರೆ ಪೆಟ್ಟಿಗೆಯಲ್ಲಿ ಕುಳಿತ ಸ್ಪೀಕರಿನ ಆವೃತ್ತಿ ಸಿಗುತ್ತದೆ. ಪೆಟ್ಟಿಗೆ 48 ಲೀಟರ್ ಇದ್ದರೆ 45 ಹರ್ಟ್ಸ್. 20 ಲೀಟರ್ ಇದ್ದರೆ 60 ಹರ್ಟ್ಸ್. ಅದಕ್ಕಿಂತ ಕೆಳಗಿನ ಸ್ವರಗಳು ಬೇಗನೆ ಕ್ಷೀಣಿಸುತ್ತವೆ. ಸ್ಪೀಕರ್ ಅದೇ, ಆಂಪ್ಲಿಫೈಯರ್ ಅದೇ, ಹಾಡು ಅದೇ. ಬಡಗಿ ಕಡಿಮೆ ಮಾಡಿದ 28 ಲೀಟರ್ ಗಾಳಿ ಬೇಸನ್ನು ನುಂಗಿಹಾಕಿತು.

ಆಗ ಆಂಪ್ಲಿಫೈಯರಿನ ಶಕ್ತಿ ಹೆಚ್ಚಿಸಿ ಸರಿತೂಗಿಸಬಹುದಲ್ಲ ಎನ್ನುವವರು ಇನ್ನೊಂದು ಲೆಕ್ಕ ನೋಡಬೇಕು. ಶಕ್ತಿಯನ್ನು 300 ವಾಟ್‌ನಿಂದ 600 ವಾಟ್‌ಗೆ ಏರಿಸಿದರೆ ಸದ್ದು ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ‘ಎರಡು ಪಟ್ಟು ಜೋರು’ ಅನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಮೇಲಾಗಿ ಅದೇ ಸದ್ದಿಗೆ ಆವೃತ್ತಿ ಅರ್ಧಕ್ಕೆ ಇಳಿದರೆ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕಾಗುತ್ತದೆ. ದುಬಾರಿ ಆಂಪ್ಲಿಫೈಯರ್ ತಂದವರ ಸ್ಪೀಕರ್ ಹರಿಯುವುದು ಇದೇ ಕಾರಣಕ್ಕೆ. ಅಳತೆ ಸರಿಯಿದ್ದರೆ ಇವೆಲ್ಲ ಬೇಡ.

ಕೊಡ ತುಂಬುವ ಸದ್ದು

ಕೆಲವು ಪೆಟ್ಟಿಗೆಗಳಿಗೆ ಮುಂದೆ ಒಂದು ತೂತು, ಅದರೊಳಗೆ ಒಂದು ಕೊಳವೆ ಇರುತ್ತದೆ. ಇಷ್ಟು ಹೊತ್ತು ಮುಚ್ಚಬೇಕು ಎಂದು ಹೇಳಿ ಈಗ ತೂತು ಏಕೆ ಎಂದು ಯಾರಾದರೂ ಕೇಳಬಹುದು. ನಲ್ಲಿಯ ಕೆಳಗೆ ಕೊಡ ಇಟ್ಟ ತಾಯಿ ಒಳಗಿನಿಂದಲೇ ‘ಕೊಡ ತುಂಬ್ತು ನೋಡು’ ಎನ್ನುತ್ತಾಳಲ್ಲ, ಹೇಗೆ? ನೀರು ಏರಿದಂತೆ ಒಳಗಿನ ಗಾಳಿಯ ಜಾಗ ಕಡಿಮೆಯಾಗಿ ಸ್ವರ ಏರುತ್ತದೆ. ಕೊಡದ ಕೊರಳಿನಲ್ಲಿರುವ ಗಾಳಿ ಒಂದು ಬಿಲ್ಲೆಯಂತೆ, ಹೊಟ್ಟೆಯೊಳಗಿನ ಗಾಳಿ ಸ್ಪ್ರಿಂಗಿನಂತೆ ವರ್ತಿಸಿ ಎರಡೂ ಸೇರಿ ಒಂದು ನಿಶ್ಚಿತ ಆವೃತ್ತಿಯಲ್ಲಿ ಅನುರಣಿಸುತ್ತವೆ. ಇದರ ಸಿದ್ಧಾಂತವನ್ನು 19ನೆಯ ಶತಮಾನದಲ್ಲಿ ರೂಪಿಸಿದವರು ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್.

ಕೋನಿನ ಬೆನ್ನ ಹಿಂದೆ ವ್ಯರ್ಥವಾಗುವ ಗಾಳಿಯ ಕೆಲಸವನ್ನು ಇಂಥ ಕೊರಳಿನ ಮೂಲಕ ತಿರುಗಿಸಿ ಮುಂದಿನ ಅಲೆಗೆ ಜೊತೆಗೂಡಿಸಬಹುದು ಎಂಬುದನ್ನು ಕಂಡವರು ಅಮೆರಿಕದ ಆಲ್ಬರ್ಟ್ ಥುರಾಸ್. ಇದಕ್ಕೆ ಅವರು 1932ರಲ್ಲಿ ಪೇಟೆಂಟ್ ಪಡೆದರು.

ಮಿಸ್ತ್ರಿಗಳು ಕೊಳವೆಯ ಉದ್ದವನ್ನು ಅಂದಾಜಿನಲ್ಲಿ ಇಡುವುದುಂಟು. ಲೆಕ್ಕ ಮಾಡಿದರೆ ಹೀಗೆ: ಪೆಟ್ಟಿಗೆಯ ಒಳಗಾತ್ರ 50 ಲೀಟರ್, ಬೇಕಾದ ಆವೃತ್ತಿ 40 ಹರ್ಟ್ಸ್, ಒಳವ್ಯಾಸ 10 ಸೆಂಟಿಮೀಟರ್ ಇರುವ ಪಿವಿಸಿ ಪೈಪು. ಹೆಲ್ಮ್‌ಹೋಲ್ಟ್ಸ್ ಸೂತ್ರದಂತೆ ಬೇಕಾಗುವ ಉದ್ದ ಸುಮಾರು 29 ಸೆಂಟಿಮೀಟರ್. ಪೈಪಿನ ಎರಡು ತುದಿಯ ಆಚೆಗಿರುವ ಗಾಳಿಯೂ ಸ್ವಲ್ಪ ಜೊತೆಗೆ ಅಲುಗುವುದರಿಂದ 7 ಸೆಂಟಿಮೀಟರ್ ಕಳೆಯಬೇಕು. ಕತ್ತರಿಸಬೇಕಾದದ್ದು ಸುಮಾರು 22 ಸೆಂಟಿಮೀಟರ್. ಮನೆ ಕಟ್ಟುವಾಗ ಉಳಿದ ಪೈಪಿನ ತುಂಡು ಸಾಕು.

ತೂತಿನ ಪೆಟ್ಟಿಗೆಗೆ ಒಂದು ದೌರ್ಬಲ್ಯವುಂಟು. ಕೊಳವೆಯ ಆವೃತ್ತಿಗಿಂತ ಕೆಳಗೆ ಗಾಳಿಯ ಸ್ಪ್ರಿಂಗ್ ಕೋನಿಗೆ ಆಸರೆ ಕೊಡುವುದಿಲ್ಲ, ಕೋನ್ ಹುಚ್ಚುಹುಚ್ಚಾಗಿ ಕುಣಿದು ಹರಿಯಬಹುದು. ಆದ್ದರಿಂದ ಮೊದಲ ಸಲ ಮಾಡುವವರಿಗೆ ಮುಚ್ಚಿದ ಪೆಟ್ಟಿಗೆಯೇ ಲೇಸು. ಅದು ಚಿಕ್ಕಪುಟ್ಟ ತಪ್ಪುಗಳನ್ನು ಕ್ಷಮಿಸುತ್ತದೆ.

ಜೋಳದಿಂದ ಅಳತೆ

ಬಡಗಿಯ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. 50 ಲೀಟರ್ ಬೇಕೆಂದು 50, 40, 25 ಸೆಂಟಿಮೀಟರಿನ ಅಳತೆ ಕೊಡುತ್ತಾರೆ. ಗುಣಾಕಾರ ಸರಿಯೇ ಇದೆ. ಆದರೆ ಮಿಸ್ತ್ರಿ ಅದನ್ನು ಹೊರಗಿನ ಅಳತೆ ಎಂದುಕೊಂಡು 18 ಮಿಲಿಮೀಟರಿನ ಪ್ಲೈವುಡ್‌ನಲ್ಲಿ ಮಾಡಿದರೆ ಒಳಗೆ ಉಳಿಯುವುದು 46.4, 36.4, 21.4. ಗುಣಿಸಿದರೆ 36 ಲೀಟರ್. ಹಲಗೆಯ ದಪ್ಪವೇ 14 ಲೀಟರ್ ಗಾಳಿಯನ್ನು ತಿಂದಿತು. ಸ್ಪೀಕರಿನ ಅಯಸ್ಕಾಂತ ಮತ್ತು ಕೊಳವೆ ತೆಗೆದುಕೊಳ್ಳುವ ಜಾಗವನ್ನೂ ಲೆಕ್ಕದಲ್ಲಿ ಸೇರಿಸಬೇಕು.

ಸೀಟಿನ ಕೆಳಗಿನ ಜಾಗ ಚೌಕಾಕಾರವಾಗಿಲ್ಲದಿದ್ದರೆ ಪೆಟ್ಟಿಗೆಯೂ ಓರೆಯಾಗುತ್ತದೆ, ಸೂತ್ರ ಕಷ್ಟವಾಗುತ್ತದೆ. ಆಗ ಮನೆಯ ಜೋಳ ಕೈಹಿಡಿಯುತ್ತದೆ. ಸ್ಪೀಕರ್ ಕೂರಿಸುವ ಮೊದಲು ಲೀಟರ್ ಅಳತೆಯ ಡಬ್ಬಿಯಲ್ಲಿ ಎಣಿಸುತ್ತ ಜೋಳವನ್ನು ಸುರಿದು ಪೆಟ್ಟಿಗೆಯನ್ನು ಮಟ್ಟಸವಾಗಿ ತುಂಬಿದರೆ ಒಳಗಾತ್ರ ಕೈಗೆ ಸಿಗುತ್ತದೆ. ಆಕಾರ ಎಷ್ಟೇ ವಕ್ರವಾಗಿರಲಿ, ಈ ಉಪಾಯ ತಪ್ಪುವುದಿಲ್ಲ.

ಹಲಗೆ ಗಟ್ಟಿಯಾಗಿರಬೇಕು. ಅದೇ ಕಂಪಿಸತೊಡಗಿದರೆ ಶಕ್ತಿ ಅಲ್ಲಿ ಸೋರಿಹೋಗಿ ಹಾಡಿನ ಜೊತೆ ಪೆಟ್ಟಿಗೆಯ ಗೊರಗೊರ ಸೇರುತ್ತದೆ. ಶಹಾಬಾದಿನ ಸುತ್ತಮುತ್ತ ಬೆಳೆದವರಿಗೆ ‘ಫರಸಿ ಕಲ್ಲಿನಲ್ಲೇ ಮಾಡಿದರೆ ಹೇಗೆ?’ ಎಂಬ ಯೋಚನೆ ಬರಬಹುದು. ಯೋಚನೆ ತಪ್ಪಲ್ಲ. ಇಂಗ್ಲೆಂಡಿನ ಗಿಲ್ಬರ್ಟ್ ಬ್ರಿಗ್ಸ್ ಎರಡು ಹಲಗೆಗಳ ನಡುವೆ ಮರಳು ತುಂಬಿ ಪೆಟ್ಟಿಗೆ ಮಾಡುತ್ತಿದ್ದರು. ಭಾರವಾದ ಗೋಡೆ ಸುಲಭಕ್ಕೆ ಅಲುಗದು. ಆದರೆ 25 ಮಿಲಿಮೀಟರ್ ದಪ್ಪದ ಸುಣ್ಣಕಲ್ಲಿನ ಫರಸಿ ಚದರಡಿಗೆ ಸುಮಾರು 6 ಕಿಲೋ ತೂಗುತ್ತದೆ. ಇಂಥ ಪೆಟ್ಟಿಗೆ 60 ಕಿಲೋ ದಾಟುತ್ತದೆ. ಮನೆಯ ಮೂಲೆಗಾದರೆ ಸರಿ, ವಾಹನಕ್ಕಲ್ಲ. ವಾಹನಕ್ಕೆ 18 ಮಿಲಿಮೀಟರಿನ ಪ್ಲೈವುಡ್, ಒಳಗೆ ಎರಡು ಗೋಡೆಗಳನ್ನು ಹಿಡಿದು ನಿಲ್ಲಿಸುವ ಒಂದು ಅಡ್ಡಪಟ್ಟಿ ಸಾಕು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಹಾಳೆಯಲ್ಲಿ ಇಂಥ ಎರಡು ಪೆಟ್ಟಿಗೆ ಆಗಿ ಇನ್ನೂ ತುಂಡು ಉಳಿಯುತ್ತದೆ.

ಸಂದುಗಳಿಗೆ ಬರೀ ಮೊಳೆ ಹೊಡೆದರೆ ಸಾಲದು. ಅಂಟು ಹಚ್ಚಿ ತಿರುಪು ಬಿಗಿಯಬೇಕು. ಗರಗಸದ ಪುಡಿಯನ್ನು ಅಂಟಿನಲ್ಲಿ ಕಲಸಿ ಒಳಮೂಲೆಗಳಿಗೆ ಮೆತ್ತಬೇಕು. ಅಂಟು ಪೂರ್ತಿ ಒಣಗಿದ ಮೇಲೆ ಸ್ಪೀಕರ್ ಕೂರಿಸಿ, ಹಾಡು ಹಚ್ಚಿ, ಉರಿಯುವ ಊದಿನಕಡ್ಡಿಯನ್ನು ಸಂದುಗಳ ಗುಂಟ ನಿಧಾನವಾಗಿ ಒಯ್ಯಿರಿ. ಎಲ್ಲಿ ಹೊಗೆ ನಡುಗುತ್ತದೋ ಅಲ್ಲಿ ಗಾಳಿ ಸೋರುತ್ತಿದೆ.

ಜೀಪು ಬೇರೆ, ಟ್ರಾಲಿ ಬೇರೆ

ಒಂದೇ ಪೆಟ್ಟಿಗೆ ಮುಚ್ಚಿದ ಜೀಪಿನಲ್ಲಿ ಗುಡುಗುತ್ತದೆ, ತೆರೆದ ಟ್ರಾಲಿಯಲ್ಲಿ ಸಪ್ಪೆಯಾಗುತ್ತದೆ. ಎರಡೂವರೆ ಮೀಟರ್ ಉದ್ದದ ವಾಹನದೊಳಗೆ ಸುಮಾರು 70 ಹರ್ಟ್ಸ್‌ಗಿಂತ ಕೆಳಗಿನ ಅಲೆಯ ಅರ್ಧಭಾಗವೂ ಹಿಡಿಯುವುದಿಲ್ಲ. ಅಲ್ಲಿ ಅಲೆ ಚಲಿಸುವುದಕ್ಕಿಂತ ಹೆಚ್ಚಾಗಿ ಇಡೀ ಒಳಗಿನ ಗಾಳಿಯೇ ಒತ್ತಿ ಬಿಟ್ಟಂತಾಗುತ್ತದೆ. ಸ್ವರ ತಗ್ಗಿದಷ್ಟೂ ಈ ನೆರವು ಹೆಚ್ಚುತ್ತದೆ. ವಾಹನವೇ ಎರಡನೆಯ ಪೆಟ್ಟಿಗೆಯಾಗಿ ದುಡಿಯುತ್ತದೆ. ಹೀಗಾಗಿ ಮುಚ್ಚಿದ ವಾಹನಕ್ಕೆ ಒಂದು ಸಾಧಾರಣ ಸಬ್‌ವೂಫರ್, ನೂರಿನ್ನೂರು ವಾಟ್ ಶಕ್ತಿ ಧಾರಾಳವಾಯಿತು.

ಬಯಲಿನ ಟ್ರಾಲಿಗೆ ಈ ನೆರವಿಲ್ಲ. ಅಲ್ಲಿ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಪೇರಿಸಿ ಜನರೇಟರ್ ಹೂಡುವ ಪೈಪೋಟಿ ಹುಟ್ಟುತ್ತದೆ. ಎತ್ತರಕ್ಕೆ ಪೇರಿಸಿದ ಪೆಟ್ಟಿಗೆಗಳಿಗೆ ಓಣಿಯ ವಿದ್ಯುತ್ ತಂತಿ ತಾಗಿದರೆ ಆಗುವುದನ್ನು ಹೇಳಬೇಕಾಗಿಲ್ಲ.

ತಂತಿಯಲ್ಲಿ ಕೂತ ಬೆಂಕಿ

ವಾಹನದ ಬ್ಯಾಟರಿ 12 ವೋಲ್ಟ್. 300 ವಾಟ್ ಹೊರಗೆ ಕೊಡುವ ಆಂಪ್ಲಿಫೈಯರ್ ನಷ್ಟಗಳೂ ಸೇರಿ 400 ವಾಟ್ ಎಳೆಯಿತೆನ್ನೋಣ. 400ನ್ನು 12ರಿಂದ ಭಾಗಿಸಿದರೆ 33 ಆಂಪಿಯರ್. ಒಂದು 60 ವಾಟ್ ಹೆಡ್‌ಲೈಟ್ ಎಳೆಯುವುದು 5 ಆಂಪಿಯರ್ ಮಾತ್ರ. ಈ ವ್ಯತ್ಯಾಸ ತಿಳಿಯದೆ ಮನೆಯ ವೈರಿಂಗಿನಲ್ಲಿ ಉಳಿದ 2.5 ಚದರ ಮಿಲಿಮೀಟರಿನ ತಂತಿಯನ್ನೇ ಹಾಕಿದರೆ ಏನಾಗುತ್ತದೆ? ಹೋಗುವ 4 ಮೀಟರ್, ಬರುವ 4 ಮೀಟರ್ ತಂತಿಯ ರೋಧ 0.055 ಓಮ್. ಓಮನ ನಿಯಮದಂತೆ 1.8 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 60 ವಾಟ್ ಶಾಖ ತಂತಿಯಲ್ಲೇ ಹುಟ್ಟುತ್ತದೆ. ಒಂದು ಹೆಡ್‌ಲೈಟನ್ನು ಸೀಟಿನ ಕೆಳಗೆ ಹಾಸಿ ಉರಿಸಿದಂತೆ. 16 ಚದರ ಮಿಲಿಮೀಟರಿನ ತಂತಿ ಹಾಕಿದರೆ ಇದು 9 ವಾಟ್‌ಗೆ ಇಳಿಯುತ್ತದೆ.

ತಂತಿ ಎಷ್ಟೇ ದಪ್ಪವಿರಲಿ, ಫ್ಯೂಸ್ ಇಲ್ಲದೆ ಎಳೆಯಬಾರದು. ಆ ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಇರಬೇಕು, ಆಂಪ್ಲಿಫೈಯರಿನ ಬಳಿ ಮಾತ್ರ ಇದ್ದರೆ ಪ್ರಯೋಜನವಿಲ್ಲ. ನಡುವೆ ತಂತಿಯ ಸಿಪ್ಪೆ ಸವೆದು ತಗಡಿಗೆ ತಾಗಿದರೆ ಬ್ಯಾಟರಿಯ ಪೂರ್ಣ ಶಕ್ತಿ ಅಲ್ಲಿ ಹರಿಯುತ್ತದೆ. ತಗಡಿನ ತೂತಿನ ಮೂಲಕ ತಂತಿ ಹಾಯುವಲ್ಲಿ ರಬ್ಬರಿನ ಬಳೆ ಹಾಕಲೇಬೇಕು. ಎಂಜಿನ್ ನಿಲ್ಲಿಸಿ ಹಾಡು ಹಚ್ಚುವವರು ಇದನ್ನೂ ನೆನಪಿಡಲಿ: 80 ಆಂಪಿಯರ್-ಅವರ್ ಬ್ಯಾಟರಿ 33 ಆಂಪಿಯರಿನ ಹೊರೆಯನ್ನು ಎರಡು ತಾಸೂ ಸರಿಯಾಗಿ ತಾಳಲಾರದು. ಅಷ್ಟರೊಳಗೇ ಸ್ಟಾರ್ಟರ್ ತಿರುಗಿಸುವ ಕಸುವನ್ನು ಅದು ಕಳೆದುಕೊಳ್ಳಬಹುದು.

ಕಿವಿಯ ಲೆಕ್ಕ

ಪೆಟ್ಟಿಗೆ ಹಾಳಾದರೆ ಇನ್ನೊಂದು ಮಾಡಬಹುದು. ಒಳಗಿವಿಯಲ್ಲಿ ಸದ್ದನ್ನು ನರಗಳಿಗೆ ದಾಟಿಸುವ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 15 ಸಾವಿರ. ಅವು ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ದಿನಕ್ಕೆ 85 ಡೆಸಿಬೆಲ್ ಸದ್ದನ್ನು 8 ತಾಸು ತಾಳಬಹುದು ಎಂಬುದು ತಜ್ಞರು ಒಪ್ಪಿದ ಒಂದು ಮಿತಿ. ಪ್ರತಿ 3 ಡೆಸಿಬೆಲ್‌ಗೆ ಈ ಅವಧಿ ಅರ್ಧವಾಗುತ್ತದೆ. 88ಕ್ಕೆ 4 ತಾಸು, 91ಕ್ಕೆ 2 ತಾಸು, 94ಕ್ಕೆ 1 ತಾಸು, 100ಕ್ಕೆ ಕಾಲು ತಾಸು. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ ಸದ್ದು ಸ್ಥೂಲವಾಗಿ 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 110 ಇದ್ದದ್ದು 16 ಮೀಟರಿನಲ್ಲಿ 86. ರಸ್ತೆಬದಿ ನಿಂತು ನೋಡುವವನಿಗಿಂತ ಟ್ರಾಲಿಯ ಮೇಲೆ ಪೆಟ್ಟಿಗೆಗೆ ಒರಗಿ ಕುಳಿತ ಹುಡುಗನ ಗತಿ ಬೇರೆ.

ಬೇಸ್ ಇಲ್ಲಿ ಇನ್ನೊಂದು ಮೋಸ ಮಾಡುತ್ತದೆ. ನಮ್ಮ ಕಿವಿ ತಗ್ಗು ಸ್ವರಗಳಿಗೆ ಮಂದ. ಆದ್ದರಿಂದ ಎಷ್ಟು ಹೆಚ್ಚಿಸಿದರೂ ಇನ್ನೂ ಬೇಕೆನಿಸುತ್ತದೆ. ಸದ್ದು ಅಳೆಯುವ ಸಾಮಾನ್ಯ ಮಾಪಕಗಳನ್ನೂ ಕಿವಿಯ ಈ ಮಂದತನಕ್ಕೆ ಹೊಂದಿಸಿರುತ್ತಾರೆ. 50 ಹರ್ಟ್ಸ್‌ನ ಸ್ವರವನ್ನು ಅವು 30 ಡೆಸಿಬೆಲ್ ಕಡಿಮೆ ತೋರಿಸುತ್ತವೆ. ಮಾಪಕದಲ್ಲಿ 80 ಎಂದಿದ್ದರೆ ಗಾಳಿಯಲ್ಲಿರುವ ಒತ್ತಡ 110ರದ್ದಾಗಿರಬಹುದು. ಮೆರವಣಿಗೆ ಮುಗಿದು ಮನೆಗೆ ಬಂದ ಮೇಲೆ ಕಿವಿ ಗುಂಯ್ ಎನ್ನುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ.

ವಾಡಿಯಲ್ಲಿ 1968ರಿಂದ, ನಂತರ ಸೇಡಂ ಸುತ್ತಲೂ, ಸಿಮೆಂಟ್ ಕಾರ್ಖಾನೆಗಳು ನಡೆಯುತ್ತಿವೆ. ಕಾರ್ಖಾನೆಗಳಲ್ಲಿ ಗದ್ದಲ ಮಿತಿಮೀರುವ ಕಡೆ ದುಡಿಯುವವರು ಕಿವಿಗೆ ರಕ್ಷಣೆ ಧರಿಸಬೇಕು ಎಂಬುದು ಸುರಕ್ಷತೆಯ ನಿಯಮ. ತಂದೆ ಅಲ್ಲಿ ಕಿವಿ ಮುಚ್ಚಿ ದುಡಿಯುವುದು, ಮಗ ಇಲ್ಲಿ ಕಿವಿ ತೆರೆದು ಪೆಟ್ಟಿಗೆಯ ಮುಂದೆ ಕುಣಿಯುವುದು, ಈ ವಿಪರ್ಯಾಸವನ್ನು ಮನೆಯವರೇ ಸರಿಪಡಿಸಬೇಕು.

ಕಾಯ್ದೆಯೂ ಸುಮ್ಮನಿಲ್ಲ. ಶಬ್ದಮಾಲಿನ್ಯ ಕುರಿತ 2000ದ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸಾರ್ವಜನಿಕ ಸ್ಥಳದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಲ್ಲದು. ಸುಪ್ರೀಂ ಕೋರ್ಟ್ 2005ರ ಜುಲೈ ತೀರ್ಪಿನಲ್ಲಿ ಇದನ್ನು ಇನ್ನಷ್ಟು ಬಿಗಿ ಮಾಡಿತು. ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಅಡ್ಡಿಯಾಗುತ್ತದೆ. ತಗ್ಗು ಸ್ವರಗಳು ಗೋಡೆ ದಾಟುತ್ತವೆ, ಗಾಳಿಯಲ್ಲಿ ಬಹುದೂರ ಸವೆಯದೆ ಹೋಗುತ್ತವೆ. ಚಿಂಚೋಳಿಯ ಕಾಡಂಚಿನ ಊರಿನಲ್ಲಿ ರಾತ್ರಿ ಹಚ್ಚಿದ ಬೇಸ್ 2011ರಲ್ಲಿ ಘೋಷಣೆಯಾದ ವನ್ಯಜೀವಿ ಧಾಮದ ಪ್ರಾಣಿಗಳಿಗೂ ತಲುಪುತ್ತದೆ. ಪಕ್ಕದ ಮನೆಯ ಹಸುಗೂಸಿಗೆ, ಪರೀಕ್ಷೆಗೆ ಓದುವವನಿಗೆ ತಲುಪದೆ ಇರುತ್ತದೆಯೇ?

ಬೇಡ ಎನ್ನುವ ಮೊದಲು

ಹಾಗೆಂದು ಹುಡುಗನ ಕೈಯಿಂದ ಗರಗಸ ಕಿತ್ತುಕೊಳ್ಳುವುದು ಪರಿಹಾರವಲ್ಲ. ಘನಗಾತ್ರ, ವರ್ಗಮೂಲ, ಅನುರಣನೆ, ಓಮನ ನಿಯಮ ಇವೆಲ್ಲ ಒಂದೇ ವಸ್ತುವಿನಲ್ಲಿ ಕೈಗೆ ಸಿಗುವುದು ಅಪರೂಪ. ತಂದೆತಾಯಿ ಮೂರು ಪ್ರಶ್ನೆ ಕೇಳಿದರೆ ಸಾಕು. ಪೆಟ್ಟಿಗೆಯ ಒಳಗಾತ್ರ ಎಷ್ಟು ಲೀಟರ್, ಅಷ್ಟೇ ಏಕೆ? ಫ್ಯೂಸ್ ಎಲ್ಲಿದೆ? ದಿನಕ್ಕೆ ಎಷ್ಟು ಹೊತ್ತು, ಎಷ್ಟು ಜೋರಾಗಿ ಹಚ್ಚುತ್ತೀ? ಮೂರಕ್ಕೂ ಅಂಕಿಯೊಂದಿಗೆ ಉತ್ತರಿಸಬಲ್ಲ ಹುಡುಗ ಪಾಠ ಕಲಿತಿದ್ದಾನೆ. ಅವನ ಪೆಟ್ಟಿಗೆ ಶಾಲೆಯ ವಿಜ್ಞಾನ ವಸ್ತುಪ್ರದರ್ಶನದ ಮೇಜಿಗೂ ಯೋಗ್ಯ. ಉತ್ತರ ಬಾರದಿದ್ದರೆ ಪ್ಲೈವುಡ್ ತರುವ ಮೊದಲು ಕಾಗದ, ಪೆನ್ಸಿಲ್ ತೆಗೆಯಲು ಹೇಳಬಹುದು.

ಚಿಕ್ಕ ಪೆಟ್ಟಿಗೆಯಿಂದ ದೊಡ್ಡ ಬೇಸ್ ತೆಗೆದ ಎಡ್ಗರ್ ವಿಲ್ಚುರ್ ಕೂಡ ಸ್ಪೀಕರಿಗೇ ಅಂಟಿ ಕೂರಲಿಲ್ಲ. 1967ರಲ್ಲಿ ಕಂಪನಿಯನ್ನು ಮಾರಿ, ಉಳಿದ ಆಯುಷ್ಯದ ಬಹುಭಾಗವನ್ನು ಕಿವಿ ಮಂದವಾದವರ ಶ್ರವಣಸಾಧನದ ಸಂಶೋಧನೆಗೆ ಕೊಟ್ಟರು. ಅಲ್ಲಿ ಕಂಡುಕೊಂಡದ್ದಕ್ಕೆ ಪೇಟೆಂಟ್ ಕೇಳದೆ 1973ರಲ್ಲಿ ಎಲ್ಲರಿಗೂ ಸಿಗುವಂತೆ ಪ್ರಕಟಿಸಿದರು. 2011ರಲ್ಲಿ ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸದ್ದು ಮಾಡುವುದನ್ನು ಅಷ್ಟು ಚೆನ್ನಾಗಿ ಬಲ್ಲವರು ಕಿವಿಯ ಬೆಲೆಯನ್ನೂ ಬಲ್ಲವರಾಗಿದ್ದರು.